ಆರನೇ ಕ್ಲಾಸಿಗೆ ಗ್ರೀಕ್ ನಾಟಕ: ಹಾಡಿಸಿ, ಕುಣಿಸಿ ಕಲಿಸಿದವರು ಯಾರಾದರೂ ಇದ್ದೀರಾ?

ಆರನೇ ಕ್ಲಾಸ್ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದ ಒಂದು ಮಿಡಲ್ ಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಸಂಜೆಯ ಮ್ಯೂಸಿಕಲ್ ಕ್ಲಬ್ ಕೂಡ ನನ್ನದೇ. ಇಲ್ಲಿ ಆರನೇ ಕ್ಲಾಸಿಗೆ ಪ್ರಾಚೀನ ನಾಗರಿಕತೆಗಳ ಪಾಠ. ಮೆಸೊಪೊಟೇಮಿಯಾ, ಈಜಿಪ್ಟ್, ಭಾರತ, ಚೀನಾ, ಗ್ರೀಸ್, ರೋಮ್ ಎಲ್ಲವೂ ಒಂದೇ ವರ್ಷಕ್ಕೆ. ಅದರಲ್ಲಿ ಗ್ರೀಕ್ ನಾಟಕಕ್ಕೆ ಒಂದು ದಿನ ಸಿಕ್ಕರೆ ಜಾಸ್ತಿ.

ಹೋದ ವರ್ಷ ಆ ಒಂದು ದಿನದಲ್ಲಿ ನಗುವ ಮುಖ, ಅಳುವ ಮುಖ ಬಿಡಿಸಿದ ಹಾಳೆ ಹಂಚಿ ಬಣ್ಣ ಹಚ್ಚಿಸಿದೆ. ಟ್ರ್ಯಾಜಿಡಿ ಅಂದರೆ ಏನು, ಕಾಮಿಡಿ ಅಂದರೆ ಏನು ಅಂತ ಬೋರ್ಡಿನ ಮೇಲೆ ಬರೆದೆ. ಎರಡು ತಿಂಗಳಾದ ಮೇಲೆ ಕೇಳಿದರೆ ಒಬ್ಬರಿಗೂ ನೆನಪಿಲ್ಲ. ಅದೇ ಮಕ್ಕಳು ಸಂಜೆ ಕ್ಲಬ್ಬಿನಲ್ಲಿ ಇಡೀ ಮ್ಯೂಸಿಕಲ್ ಒಂದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಬೇರೆಯವರ ಪಾತ್ರದ ಮಾತುಗಳೂ ಅವರಿಗೆ ಬರುತ್ತಿದ್ದವು. ಇದು ನನ್ನನ್ನು ತುಂಬಾ ದಿನ ಕಾಡಿತು.

ರಜೆಯಲ್ಲಿ ಕೂತು ಓದಿದಾಗ ಒಂದು ವಿಷಯ ತಿಳಿಯಿತು. ಅಥೆನ್ಸಿನಲ್ಲಿ, ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಡಯೊನೈಸಸ್ ದೇವರ ರಂಗಮಂದಿರ. ಅಲ್ಲಿ ಪ್ರತಿ ವಸಂತದಲ್ಲಿ ದೊಡ್ಡ ಹಬ್ಬ. ಊರಿನ ಜನರನ್ನು ಹತ್ತು ಪಂಗಡ ಮಾಡಿದ್ದರು. ಒಂದೊಂದು ಪಂಗಡದಿಂದ 50 ಗಂಡಸರ ಮೇಳ ಒಂದು, 50 ಹುಡುಗರ ಮೇಳ ಒಂದು ಬರಬೇಕು. ಅಂದರೆ ಒಂದೇ ಹಬ್ಬದಲ್ಲಿ 500 ಹುಡುಗರು, ಇಡೀ ಊರಿನ ಎದುರು, ಹಾಡುತ್ತಾ ಕುಣಿಯುತ್ತಿದ್ದರು! ಕೋರಸ್ ಅನ್ನುವ ಪದಕ್ಕೆ ಮೊದಲ ಅರ್ಥವೇ ಕುಣಿತ, ಕುಣಿಯುವವರ ಗುಂಪು. ಆರ್ಕೆಸ್ಟ್ರಾ ಅಂದರೆ ಅವರು ಕುಣಿಯುವ ಬಯಲು. ನಾನು ಮಕ್ಕಳಿಗೆ ಮುಖವಾಡ ಕೊಟ್ಟೆ, ಕಥೆ ಹೇಳಿದೆ. ಆದರೆ ಮೇಳವನ್ನೇ ಬಿಟ್ಟುಬಿಟ್ಟಿದ್ದೆ.

ಅದಕ್ಕೇ ಈ ವರ್ಷ ಪಾಠ, ಮ್ಯೂಸಿಕಲ್ ಕ್ಲಬ್ ಎರಡನ್ನೂ ಸೇರಿಸುತ್ತಿದ್ದೇನೆ. ಆಡುವುದು ಸೋಫೋಕ್ಲಿಸ್ ಅನ್ನುವ ಗ್ರೀಕ್ ನಾಟಕಕಾರನ ಅಂತಿಗೊನೆ. ಎಂಟು ವಾರ, ವಾರಕ್ಕೆ ಎರಡು ಸಂಜೆ, 34 ಮಕ್ಕಳು. ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಥೀಬ್ಸ್ ಊರಿಗಾಗಿ ಅಣ್ಣತಮ್ಮಂದಿರು ಹೊಡೆದಾಡಿ ಇಬ್ಬರೂ ಸಾಯುತ್ತಾರೆ. ಹೊಸ ದೊರೆ ಕ್ರೆಯೊನ್ ಒಬ್ಬನಿಗೆ ಮರ್ಯಾದೆಯ ಸಂಸ್ಕಾರ ಮಾಡಿಸುತ್ತಾನೆ. ಇನ್ನೊಬ್ಬನ ಹೆಣ ಹಾಗೇ ಬಯಲಲ್ಲಿ ಬಿದ್ದಿರಲಿ, ಮಣ್ಣು ಹಾಕಿದವರಿಗೆ ಸಾವೇ ಶಿಕ್ಷೆ ಅನ್ನುತ್ತಾನೆ. ತಂಗಿ ಅಂತಿಗೊನೆ ಹೋಗಿ ಮಣ್ಣು ಹಾಕುತ್ತಾಳೆ. ಹನ್ನೊಂದು, ಹನ್ನೆರಡು ವರ್ಷದವರಿಗೆ ಇದು ಸರಿ, ಇದು ಅನ್ಯಾಯ ಅನ್ನುವ ಜಗಳ ದಿನವೂ ಇರುತ್ತದೆ. ಈ ಕಥೆ ಅವರಿಗೆ ನಾಟುತ್ತದೆ ಅಂತ ನನ್ನ ನಂಬಿಕೆ.

ನಾನು ಶುರು ಮಾಡುವುದು ಮೇಳದ ಹಾಡುಗಳಿಂದ. ಪಾತ್ರ ಹಂಚುವುದು ಆಮೇಲೆ. ಈ ರೀತಿ ಮಾಡಿದವರು ಇದ್ದರೆ ದಯವಿಟ್ಟು ನಿಮ್ಮ ಅನುಭವ ಬರೆಯಿರಿ. ಟ್ಯೂನ್ ಹೇಗೆ ಕಟ್ಟಿದಿರಿ? ಮುಖವಾಡ ಬೇಕಾ ಬೇಡವಾ?

ಎರಡು ಮಕ್ಕಳ ಅಪ್ಪ

ಮೇಡಂ, ಓದಿ ಖುಷಿಯಾಯಿತು. ಆದರೂ ಎರಡು ಅನುಮಾನ ಇದೆ, ಕೇಳಿಬಿಡುತ್ತೇನೆ.

ಒಂದು, ಮ್ಯೂಸಿಕಲ್ ಅಂದ ಕೂಡಲೇ ಮಕ್ಕಳ ತಲೆಯಲ್ಲಿ ಬರುವುದು ಜೋರು ಬ್ಯಾಂಡು, ಮಿಂಚುವ ಬಟ್ಟೆ, ಕೊನೆಗೆ ಎಲ್ಲರೂ ಸಾಲಾಗಿ ನಿಂತು ಕೈ ಎತ್ತುವುದು. ಅಂತಿಗೊನೆಯದು ದುಃಖದ ಕಥೆ. ಕಹಿ ಗುಳಿಗೆಗೆ ಬೆಲ್ಲ ಸವರಿ ಕೊಟ್ಟ ಹಾಗೆ ಆಗುವುದಿಲ್ಲವೇ? ಮಕ್ಕಳು ಬೆಲ್ಲ ನೆಕ್ಕಿ ಗುಳಿಗೆ ಉಗಿದುಬಿಟ್ಟರೆ?

ಎರಡು, ಕೊನೆಯಲ್ಲಿ ಅಂತಿಗೊನೆ ನೇಣು ಹಾಕಿಕೊಳ್ಳುತ್ತಾಳೆ. ಅವಳನ್ನು ಮದುವೆಯಾಗಬೇಕಿದ್ದ ಹುಡುಗ ಇರಿದುಕೊಳ್ಳುತ್ತಾನೆ. ಅವನ ತಾಯಿಯೂ ಹಾಗೇ. ನನ್ನ ದೊಡ್ಡ ಮಗನಿಗೆ ಈಗ ಹನ್ನೆರಡು. ಅವನ ಎದುರು ಇದನ್ನು ಆಡಿಸಲು ನನಗೆ ಧೈರ್ಯ ಬರುವುದಿಲ್ಲ. ತಪ್ಪು ತಿಳಿಯಬೇಡಿ.

ಗ್ರೀಕ್ ಓದುವವಳು

ನಾನು ಟೊರೊಂಟೊದಲ್ಲಿ ಹಳೆಯ ಗ್ರೀಕ್ ಭಾಷೆ, ಸಾಹಿತ್ಯ ಓದುತ್ತಿದ್ದೇನೆ. ಇಂಥ ಚರ್ಚೆ ಕನ್ನಡದಲ್ಲಿ ಓದಲು ಸಿಕ್ಕಿದ್ದಕ್ಕೆ ತುಂಬಾ ಸಂತೋಷ.

ಟೀಚರ್, ಮೊದಲು ಒಂದು ಸಣ್ಣ ತಿದ್ದುಪಡಿ. ಆ 500 ಹುಡುಗರು ಹಾಡುತ್ತಿದ್ದದ್ದು ನಾಟಕದ ಒಳಗೆ ಅಲ್ಲ. ಅದು ದಿಥಿರಾಂಬ್ ಅನ್ನುವ ದೇವರ ಹಾಡಿನ ಸ್ಪರ್ಧೆ. ಹಬ್ಬ ಅದೇ, ಬಯಲು ಅದೇ, ಸ್ಪರ್ಧೆ ಬೇರೆ. ಟ್ರ್ಯಾಜಿಡಿಯ ಮೇಳದಲ್ಲಿ ಮೊದಲು 12 ಜನ ಇದ್ದರು, ಸೋಫೋಕ್ಲಿಸ್ ಅದನ್ನು 15ಕ್ಕೆ ಏರಿಸಿದ. ಕಾಮಿಡಿಗೆ 24. ಮೇಳದ ಜೊತೆ ಔಲೋಸ್ ಅನ್ನುವ ಜೋಡಿ ಕೊಳವೆಯ ವಾದ್ಯ. ಎರಡು ಕೊಳವೆಯನ್ನೂ ಒಟ್ಟಿಗೆ ಬಾಯಲ್ಲಿಟ್ಟು ಊದುತ್ತಿದ್ದರು. ಕೊಳಲಿನ ಮೆದು ಸದ್ದು ಅದಕ್ಕಿಲ್ಲ, ನಮ್ಮ ಓಲಗದ ಕಡೆಯದು. ದೂರದವರೆಗೆ ಕೇಳುತ್ತದೆ.

ಈಗ ಬೆಲ್ಲದ ವಿಷಯ. ಸರ್, ಇಲ್ಲಿ ಹಾಡು ಮೇಲಿಂದ ಸವರಿದ್ದಲ್ಲ, ನಾಟಕ ಹುಟ್ಟಿದ್ದೇ ಹಾಡಿನಿಂದ. ಅರಿಸ್ಟಾಟಲ್ ಕೂಡ ಟ್ರ್ಯಾಜಿಡಿ ಶುರುವಾಗಿದ್ದು ದಿಥಿರಾಂಬ್ ಹಾಡಿಸುವವರಿಂದ ಅನ್ನುತ್ತಾನೆ. ಮೊದಲು ಮೇಳ ಇತ್ತು. ಮೇಳಕ್ಕೆ ಉತ್ತರ ಕೊಡಲು ಒಬ್ಬ ನಟ ಬಂದ. ಎರಡನೆಯವನನ್ನು ಈಸ್ಕಿಲಸ್ ಅನ್ನುವ ನಾಟಕಕಾರ ತಂದ, ಮೂರನೆಯವನನ್ನು ಸೋಫೋಕ್ಲಿಸ್ ತಂದ. ನಾವು ಇವತ್ತು ಪುಸ್ತಕದಲ್ಲಿ ಓದುವುದು ಹಾಡು ಕಳೆದುಹೋದ ಮೇಲೆ ಉಳಿದ ಮಾತುಗಳನ್ನು. 1600ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಒಂದಿಷ್ಟು ಜನ ಗ್ರೀಕರ ಆ ಹಾಡುವ ನಾಟಕವನ್ನು ಮತ್ತೆ ಕಟ್ಟೋಣ ಅಂತ ಹೊರಟರು. ಅದರಿಂದ ಹುಟ್ಟಿದ್ದೇ ಆಪೆರಾ. ಇವತ್ತಿನ ಮ್ಯೂಸಿಕಲ್ ಕೂಡ ಆ ಕಡೆಯ ನೆಂಟನೇ.

ಖುಷಿಯ ಹಾಡು ಬಂದರೆ ದುಃಖ ಹಗುರವಾಗುತ್ತದೆ ಅನ್ನುವ ಭಯಕ್ಕೆ ಅಂತಿಗೊನೆಯ ಒಳಗೇ ಉತ್ತರ ಇದೆ. ಕ್ರೆಯೊನಿಗೆ ಕೊನೆಗೂ ತನ್ನ ತಪ್ಪು ಗೊತ್ತಾಗುತ್ತದೆ. ಗುಹೆಯಲ್ಲಿ ಸೆರೆಯಿಟ್ಟ ಅಂತಿಗೊನೆಯನ್ನು ಬಿಡಿಸಲು ಓಡುತ್ತಾನೆ. ಆಗ ಮೇಳ ಡಯೊನೈಸಸ್ ದೇವರನ್ನು ಕರೆದು ಕುಣಿಯುವ ಹಾಡು ಹಾಡುತ್ತದೆ. ಬಾ, ನಕ್ಷತ್ರಗಳನ್ನು ಕುಣಿಸುವವನೇ ಬಾ, ನಮ್ಮ ಊರನ್ನು ಕಾಪಾಡು ಅಂತ. ಇಡೀ ನಾಟಕದಲ್ಲಿ ಅಷ್ಟು ಆಸೆಯಿಂದ ತುಂಬಿದ ಹಾಡು ಇನ್ನೊಂದಿಲ್ಲ. ಹಾಡು ಮುಗಿದ ಕೂಡಲೇ ದೂತ ಬಂದು ಸಾವಿನ ಸುದ್ದಿ ಹೇಳುತ್ತಾನೆ. ಈ ಪೆಟ್ಟು ಬೀಳಬೇಕಾದರೆ ಆ ಹಾಡನ್ನು ಮನಸಾರೆ ಕುಣಿದು ಹಾಡಿರಬೇಕು. ಸುಮ್ನೆ ಓದಿ ಮುಂದೆ ಹೋದರೆ ಏನೂ ಆಗುವುದಿಲ್ಲ.

ಎರಡನೇ ಭಯಕ್ಕೂ ಗ್ರೀಕರೇ ದಾರಿ ತೋರಿಸಿದ್ದಾರೆ. ಅಂತಿಗೊನೆಯ ಸಾವನ್ನು ಯಾರೂ ಆಡಿ ತೋರಿಸುವುದಿಲ್ಲ. ಎಲ್ಲವೂ ಹೊರಗೆ ನಡೆಯುತ್ತದೆ, ದೂತ ಬಂದು ಹೇಳುತ್ತಾನೆ. ಹೇಗೆ ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದು ಟೀಚರ್ ಕೈಯಲ್ಲಿದೆ.

ಚೆಂಡೆ ಮದ್ದಳೆ

ನಮ್ಮದು ಉಡುಪಿ ಕಡೆ. ಮನೆಯಲ್ಲಿ ಮೂರು ತಲೆಮಾರು ಯಕ್ಷಗಾನ. ಈ ಚರ್ಚೆ ಓದುತ್ತಾ, ಬಯಲಲ್ಲಿ ಹಾಡಿ ಕುಣಿದು ಕಥೆ ಹೇಳುವುದು ನಮ್ಮದೂ ಹೌದಲ್ವಾ ಅನಿಸಿತು. ಆದರೆ ಒಂದು ಎಚ್ಚರಿಕೆ ಹೇಳುತ್ತೇನೆ. ಗ್ರೀಕ್ ಕೋರಸ್ ಅಂದರೆ ನಮ್ಮ ಹಿಮ್ಮೇಳ ಅಂತ ಮಕ್ಕಳಿಗೆ ಹೇಳಿಬಿಡಬೇಡಿ. ನಮ್ಮ ಭಾಗವತರು ಹಿಂದೆ ಕೂತು ಪದ ಹೇಳುತ್ತಾರೆ, ಆಟ ನಡೆಸುತ್ತಾರೆ. ಅವರು ಕಥೆಯ ಪಾತ್ರವಲ್ಲ. ಅಂತಿಗೊನೆಯ ಮೇಳ ಹಾಗಲ್ಲ. ಅವರು ಥೀಬ್ಸ್ ಊರಿನ ಮುದುಕರು. ದೊರೆಗೆ ಹೆದರುತ್ತಾರೆ, ಅವನ ಪರ ಮಾತಾಡುತ್ತಾರೆ, ಆಮೇಲೆ ಮನಸ್ಸು ಬದಲಿಸುತ್ತಾರೆ. ಅವರಿಗೂ ತಮ್ಮದೇ ಒಂದು ಕಥೆ ಇದೆ. ಹೋಲಿಕೆ ಹೇಳಿ, ವ್ಯತ್ಯಾಸವನ್ನೂ ಹೇಳಿ.

ಕನ್ನಡಕ್ಕೂ ಗ್ರೀಕ್ ನಾಟಕಕ್ಕೂ ನಂಟು ಹಳೆಯದು. ಬಿ.ಎಂ.ಶ್ರೀ ಅವರು 1929ರಲ್ಲಿ ಸೋಫೋಕ್ಲಿಸನ ಏಜಾಕ್ಸ್ ನಾಟಕವನ್ನು ಅಶ್ವತ್ಥಾಮನ ಕಥೆಗೆ ಹೊಂದಿಸಿ ಬರೆದರು. 1935ರಲ್ಲಿ ಈಸ್ಕಿಲಸನ ನಾಟಕವನ್ನು ಪಾರಸಿಕರು ಅಂತ ತಂದರು. ಲಂಕೇಶರು ಈಡಿಪಸ್, ಅಂತಿಗೊನೆ ಎರಡನ್ನೂ ಕನ್ನಡಕ್ಕೆ ತಂದರು. ಟೀಚರ್, ಲಂಕೇಶರ ಅಂತಿಗೊನೆ ಸಿಕ್ಕರೆ ಒಮ್ಮೆ ಜೋರಾಗಿ ಓದಿ ನೋಡಿ. ಮಾತು ಎಲ್ಲಿ ಬಿಗಿಯಾಗಬೇಕು ಅನ್ನುವುದು ತಿಳಿಯುತ್ತದೆ.

ಇನ್ನೊಂದು ಇದೆ, ಮಕ್ಕಳಿಗೆ ಖಂಡಿತ ಇಷ್ಟವಾಗುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್ ಊರಿನಲ್ಲಿ ಸಿಕ್ಕಿದ ಒಂದು ಪಪೈರಸ್ ಹಾಳೆಯಲ್ಲಿ ಸುಮಾರು ಕ್ರಿ.ಶ. ಎರಡನೇ ಶತಮಾನದ ಗ್ರೀಕ್ ಪ್ರಹಸನ ಇದೆ. ಅದು ಅಚ್ಚಾಗಿ ಬಂದದ್ದು 1903ರಲ್ಲಿ. ಖಾರಿಟಿಯಾನ್ ಅನ್ನುವ ಗ್ರೀಕ್ ಹುಡುಗಿ ಭಾರತದ ಕಡಲ ತೀರದಲ್ಲಿ ಸೆರೆ ಸಿಕ್ಕಿದ್ದಾಳೆ. ಅವಳ ಅಣ್ಣ ಬಂದು ಅಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ರಾಜ ಅಮಲಿನಲ್ಲಿ ಕುಣಿಯುತ್ತಾನೆ. ವಿದೂಷಕನ ಆಯುಧ ಹೂಸು. ಎಲ್ಲಿ ತಾಳವಾದ್ಯ ಬಾರಿಸಬೇಕು ಅನ್ನುವ ಗುರುತುಗಳೂ ಹಾಳೆಯಲ್ಲಿ ಇವೆ. ರಾಜನ ಕಡೆಯವರ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಅಂತ ಹುಲ್ಟ್ಸ್ ಅನ್ನುವ ವಿದ್ವಾಂಸರು ವಾದಿಸಿದರು. ತುಳು ಅಂದವರೂ ಇದ್ದಾರೆ, ಸುಮ್ನೆ ಅರ್ಥವಿಲ್ಲದ ಸದ್ದು ಅಂದವರೂ ಇದ್ದಾರೆ. ಹಾಗಾಗಿ ಮಕ್ಕಳಿಗೆ ಕನ್ನಡ ಇರಬಹುದು ಅಂತಲೇ ಹೇಳಿ. ಇರಬಹುದು ಅನ್ನುವುದರಲ್ಲೇ ಎಷ್ಟು ಸಂತೋಷ ಇದೆ.

ನ್ಯೂಜೆರ್ಸಿ ಪ್ರೇಕ್ಷಕ

ತಯಾರಾಗಿ ಸಿಗುವ ಮ್ಯೂಸಿಕಲ್ ಬೇಕು ಅನ್ನುವವರಿಗೆ ಎರಡು ಮಾತು. ಹೇಡ್ಸ್‌ಟೌನ್ 2019ರಲ್ಲಿ ಬ್ರಾಡ್‌ವೇಗೆ ಬಂತು. ಈಗ ಅದರ ಟೀನ್ ಎಡಿಷನ್ ಶಾಲೆಗಳಿಗೆ ಸಿಗುತ್ತದೆ. ಆದರೆ ಅದು ಆರ್ಫಿಯಸ್ ಮತ್ತು ಯುರಿಡಿಸಿಯ ಪುರಾಣದ ಕಥೆ, ಯಾವುದೇ ಗ್ರೀಕ್ ನಾಟಕದಿಂದ ಬಂದದ್ದಲ್ಲ. ಈ ವ್ಯತ್ಯಾಸ ಮಕ್ಕಳಿಗೆ ಹೇಳಲೇಬೇಕು. ಸೋಫೋಕ್ಲಿಸನ ಕೊಲೋನಸಿನ ಈಡಿಪಸ್ ನಾಟಕವನ್ನು ಕಪ್ಪು ಜನರ ಚರ್ಚಿನ ಗಾಸ್ಪೆಲ್ ಹಾಡಿನಲ್ಲಿ ಕಟ್ಟಿದ ಮ್ಯೂಸಿಕಲ್ ದಿ ಗಾಸ್ಪೆಲ್ ಅಟ್ ಕೊಲೋನಸ್ ಬಂದದ್ದು 1983ರಲ್ಲಿ. ಮೇಳ ಅಂದರೆ ಊರೇ ಒಂದಾಗಿ ಹಾಡುವುದು ಅನ್ನುವುದನ್ನು ಅಷ್ಟು ಚೆನ್ನಾಗಿ ತೋರಿಸಿದ್ದು ನಾನು ಬೇರೆ ನೋಡಿಲ್ಲ. ಮಕ್ಕಳಿಗೆ ಒಂದೆರಡು ಹಾಡು ಕೇಳಿಸಿ. ಅರಿಸ್ಟೊಫೇನಿಸನ ಕಪ್ಪೆಗಳು ನಾಟಕವನ್ನು 1974ರಲ್ಲಿ ಯೇಲ್ ಯೂನಿವರ್ಸಿಟಿಯ ಈಜುಕೊಳದಲ್ಲೇ ಮ್ಯೂಸಿಕಲ್ ಮಾಡಿ ಆಡಿದ್ದರು.

ಆದರೆ ಟೀಚರ್ ಮಾಡುತ್ತಿರುವ ಹಾಗೆ ಮಕ್ಕಳೇ ಪದ ಬರೆದು ಹಾಡಿದರೆ ಅದರ ಸೊಗಸೇ ಬೇರೆ. ಲೈಸೆನ್ಸ್ ಹಣವೂ ಉಳಿಯುತ್ತದೆ.

ಆರನೇ ಕ್ಲಾಸ್ ಟೀಚರ್

ಎಷ್ಟು ಪ್ರೀತಿಯಿಂದ ಬರೆದಿದ್ದೀರಿ ಎಲ್ಲರೂ. ಮೂರು ವಾರ ಮುಗಿಯಿತು, ಏನೇನಾಯಿತು ಹೇಳುತ್ತೇನೆ.

ಮೊದಲ ದಿನ ಕಥೆ ಹೇಳಲೇ ಇಲ್ಲ. ಹೊರಗೆ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಸೀಮೆಸುಣ್ಣದಿಂದ ದೊಡ್ಡ ವೃತ್ತ ಬರೆದೆ. ಇದು ಆರ್ಕೆಸ್ಟ್ರಾ, ನೀವು ಇಲ್ಲಿಗೆ ಬರಬೇಕು, ಬರುವಾಗ ಹಾಡುತ್ತಾ ಬರಬೇಕು ಅಂದೆ. ಮೈ ಬಿಸಿ ಆಗಲಿ ಅಂತ ಕಪ್ಪೆಗಳು ನಾಟಕದ ಹಾಡು ಹಿಡಿದುಕೊಂಡೆವು. ಅದರಲ್ಲಿ ಡಯೊನೈಸಸ್ ದೇವರು ಸತ್ತವರ ಲೋಕಕ್ಕೆ ದೋಣಿಯಲ್ಲಿ ಹೋಗುತ್ತಾನೆ. ಹುಟ್ಟು ಹಾಕಿ ಅವನಿಗೆ ಅಭ್ಯಾಸವೇ ಇಲ್ಲ. ಕಪ್ಪೆಗಳು ಬ್ರೆಕೆಕೆಕೆಕ್ಸ್ ಕೊಆಕ್ಸ್ ಕೊಆಕ್ಸ್ ಅಂತ ವಟಗುಟ್ಟಿ ಅವನನ್ನು ಗೋಳು ಹೊಯ್ದುಕೊಳ್ಳುತ್ತವೆ. ಅರ್ಧ ಮಕ್ಕಳು ಹುಟ್ಟು ಹಾಕಿದರು, ಅರ್ಧ ಮಕ್ಕಳು ಕಪ್ಪೆ. ಹುಟ್ಟಿನ ತಾಳ ಒಂದು, ಕಪ್ಪೆಯ ತಾಳ ಒಂದು. ಹತ್ತು ನಿಮಿಷದಲ್ಲಿ ಎಲ್ಲರ ಮುಖ ಕೆಂಪಾಗಿತ್ತು. ಮೇಳ ಅಂದರೆ ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಬೇಕು ಅನ್ನುವುದನ್ನು ನಾನು ಹೇಳಬೇಕಾಗಲೇ ಇಲ್ಲ.

ಎರಡನೇ ವಾರ ಮುಖವಾಡ. ಕಾಗದ ಅಂಟಿಸಿ ಮಾಡಿದೆವು. ನಾನು ಬಾಯಿಯ ಜಾಗವನ್ನು ಚಿಕ್ಕದಾಗಿ ಕತ್ತರಿಸಿಕೊಟ್ಟಿದ್ದೆ. ಹಾಕಿಕೊಂಡು ಹಾಡಿದರೆ ಯಾರ ದನಿಯೂ ಹೊರಗೆ ಬರಲಿಲ್ಲ. ಇಬ್ಬರಿಗೆ ಉಸಿರು ಕಟ್ಟಿದ ಹಾಗಾಗಿ ಕಿತ್ತೆಸೆದರು. ಒಬ್ಬಳಿಗೆ ಅಳುವೇ ಬಂತು. ನನಗೂ ಬೇಜಾರಾಯಿತು. ಮನೆಗೆ ಬಂದು ಹಳೆಯ ಗ್ರೀಕ್ ಕುಂಡಗಳ ಚಿತ್ರ, ಮಣ್ಣಿನ ಗೊಂಬೆಗಳ ಚಿತ್ರ ನೋಡಿದೆ. ಎಲ್ಲ ಮುಖವಾಡಗಳಲ್ಲೂ ಬಾಯಿ ತೆರೆದೇ ಇದೆ. ಮರುದಿನ ಎಲ್ಲರ ಮುಖವಾಡಕ್ಕೂ ಬಾಯಿ ದೊಡ್ಡದು ಮಾಡಿದೆವು. ಯಾಕೆ ಹಾಗಿರುತ್ತಿತ್ತು ಅಂತ ಮಕ್ಕಳೇ ಹೇಳಿದರು.

ಎರಡು ಮಕ್ಕಳ ಅಪ್ಪ ಸರ್, ನಿಮ್ಮ ಭಯ ನನಗೂ ಇತ್ತು. ಹೆತ್ತವರಿಗೆಲ್ಲ ಮೊದಲೇ ಪತ್ರ ಬರೆದು ಕಥೆ ತಿಳಿಸಿದೆ. ಶಾಲೆಯ ಕೌನ್ಸೆಲರ್ ಜೊತೆ ಕೂತು ದೂತನ ಮಾತನ್ನು ಬರೆದೆವು. ಹೇಗೆ ಸತ್ತಳು ಅನ್ನುವ ವಿವರ ಇಲ್ಲ. ತಡವಾಯಿತು, ದೊರೆ ಬರುವ ಹೊತ್ತಿಗೆ ಅವಳು ಇರಲಿಲ್ಲ ಅನ್ನುವುದಷ್ಟೇ. ಆ ತಡವಾಯಿತು ಅನ್ನುವ ಮಾತಿಗೆ ಮಕ್ಕಳು ಸುಮ್ಮನಾಗಿಬಿಡುತ್ತಾರೆ.

ಮೈಸೂರಿನ ಸಂಗೀತ ಟೀಚರ್

ಟ್ಯೂನ್ ಬಗ್ಗೆ ಕೇಳಿದ್ದಿರಿ. ನಾನು ಇಪ್ಪತ್ತು ವರ್ಷದಿಂದ ಈ ವಯಸ್ಸಿನ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೇನೆ.

ಎಲ್ಲರೂ ಒಂದೇ ಸ್ವರದಲ್ಲಿ ಹಾಡಲಿ. ಗ್ರೀಕ್ ಮೇಳವೂ ಹಾಗೇ ಹಾಡುತ್ತಿತ್ತು, ಇವತ್ತಿನ ಹಾರ್ಮನಿ ಅವರಲ್ಲಿ ಇರಲಿಲ್ಲ. ಈ ವಯಸ್ಸಿನಲ್ಲಿ ಕೆಲವು ಹುಡುಗರಿಗೆ ದನಿ ಒಡೆಯುತ್ತಿರುತ್ತದೆ. ಟ್ಯೂನನ್ನು ಐದಾರು ಸ್ವರದ ಒಳಗೇ ಇಡಿ. ದನಿ ಒಡೆದವರು ಒಂದು ಸ್ಥಾಯಿ ಕೆಳಗೆ ಹಾಡಲಿ. ಯಾರನ್ನೂ ಬರೀ ಬಾಯಿ ಆಡಿಸು ಅನ್ನಬೇಡಿ. ಆ ಮಾತು ಮಕ್ಕಳ ಮನಸ್ಸಿನಲ್ಲಿ ಜೀವನ ಪೂರ್ತಿ ಕೂತುಬಿಡುತ್ತದೆ.

ಇನ್ನು ತಾಳ. ಗ್ರೀಕ್ ಪದ್ಯ ಇಂಗ್ಲಿಷಿನ ಹಾಗೆ ಒತ್ತಿನ ಮೇಲೆ ನಡೆಯುವುದಿಲ್ಲ. ನಮ್ಮ ಹಾಗೆ ಗುರು ಲಘುವಿನ ಮೇಲೆ ನಡೆಯುತ್ತದೆ! ಶಾಲೆಯಲ್ಲಿ ಯಮಾತಾರಾಜಭಾನಸಲಗಂ ಕಲಿತವರಿಗೆ ಇದು ಮನೆಯ ವಿಷಯ. ಮೇಳ ನಡೆದು ಬರುವಾಗಿನ ಅನಪೆಸ್ಟ್ ಅಂದರೆ ಲಘು ಲಘು ಗುರು, ನಮ್ಮ ಸ ಗಣ. ನಾಲ್ಕು ಮಾತ್ರೆ, ಹೆಜ್ಜೆ ಹಾಕಲು ಸರಿಯಾಗಿದೆ. ಕ್ರೆಟಿಕ್ ಅನ್ನುವುದು ಗುರು ಲಘು ಗುರು, ನಮ್ಮ ರ ಗಣ. ಐದು ಮಾತ್ರೆ, ಖಂಡ ಛಾಪು ತಾಳದಲ್ಲಿ ಚೆನ್ನಾಗಿ ಕೂರುತ್ತದೆ. ಟ್ರ್ಯಾಜಿಡಿಯಲ್ಲಿ ಪಾತ್ರ ತಲ್ಲಣಿಸುವಾಗ ಬರುವ ಡಾಕ್ಮಿಯಾಕ್ ಇನ್ನೂ ಸೊಗಸು. ಲಘು ಗುರು ಗುರು ಲಘು ಗುರು. ಎಂಟು ಮಾತ್ರೆ, ಆದರೆ ಎಲ್ಲೂ ಸಮವಾಗಿ ಒಡೆಯುವುದಿಲ್ಲ. ಒಮ್ಮೆ ಚಪ್ಪಾಳೆ ಹೊಡೆದು ನೋಡಿ, ಎದೆ ಏರುಪೇರಾದ ಹಾಗೆ ಆಗುತ್ತದೆ. ಮಕ್ಕಳಿಗೆ ಹೆಸರು ಹೇಳಬೇಡಿ, ಚಪ್ಪಾಳೆ ಕೊಡಿ ಸಾಕು.

ನಿಜವಾದ ಗ್ರೀಕ್ ಟ್ಯೂನ್ ಒಂದನ್ನಾದರೂ ಹಾಡಿಸಿ ಅಂತ ನನ್ನ ಕೋರಿಕೆ. ಟರ್ಕಿಯ ಐದಿನ್ ಹತ್ತಿರ ಒಂದು ಸಮಾಧಿ ಕಲ್ಲಿನ ಮೇಲೆ ಸೈಕಿಲೋಸ್ ಅನ್ನುವವನು ಪದ, ಸ್ವರದ ಗುರುತು ಎರಡನ್ನೂ ಕೆತ್ತಿಸಿದ್ದಾನೆ. ಈಗ ಕೋಪನ್‌ಹೇಗನ್ ಮ್ಯೂಸಿಯಂನಲ್ಲಿದೆ. ಪೂರ್ತಿಯಾಗಿ ಉಳಿದುಬಂದ ಅತಿ ಹಳೆಯ ಸ್ವರ ಬರೆದ ಹಾಡು ಅದು. ನಾಟಕದ್ದಲ್ಲ, ಕಾಲವೂ ಸೋಫೋಕ್ಲಿಸನಿಗಿಂತ ಎಷ್ಟೋ ಈಚಿನದು. ಬದುಕಿರುವಷ್ಟು ದಿನ ಹೊಳೆ, ಯಾವುದಕ್ಕೂ ಜಾಸ್ತಿ ಕೊರಗಬೇಡ ಅನ್ನುತ್ತದೆ. ನಾಲ್ಕೇ ಸಾಲು. ಒಂದು ಪೀರಿಯಡ್ಡಿನಲ್ಲಿ ಕಲಿಯಬಹುದು.

ಗ್ರೀಕ್ ಓದುವವಳು

ಅಯ್ಯೋ, ಗುರು ಲಘುವಿನ ಮಾತು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಮೇಡಂ. ನಾನು ಗ್ರೀಕ್ ಛಂದಸ್ಸು ಕಲಿಯುವಾಗ ಕ್ಲಾಸಿನವರೆಲ್ಲ ಒದ್ದಾಡುತ್ತಿದ್ದರು. ನನಗೆ ಹೈಸ್ಕೂಲಿನ ಕನ್ನಡ ಟೀಚರ್ ನೆನಪಾಗುತ್ತಿದ್ದರು.

ಟೀಚರ್‌ಗೆ ಒಂದು ಸಲಹೆ. ಮಕ್ಕಳು ಪದ ಬರೆಯುವಾಗ ಸ್ಟ್ರೋಫಿ, ಆಂಟಿಸ್ಟ್ರೋಫಿ ಅನ್ನುವ ಜೋಡಿ ನುಡಿ ಬಳಸಿ. ಅಂದರೆ ತಿರುಗುವುದು, ಎದುರು ತಿರುಗುವುದು. ಎರಡೂ ನುಡಿಗಳ ಛಂದಸ್ಸು ಗಣ ಗಣಕ್ಕೆ ಸರಿಹೊಂದಬೇಕು. ಒಂದು ಗುಂಪು ಮೊದಲ ನುಡಿ ಬರೆಯಲಿ, ಇನ್ನೊಂದು ಗುಂಪು ಅದೇ ಅಳತೆಗೆ ಉತ್ತರದ ನುಡಿ ಬರೆಯಲಿ. ಎರಡನೇ ಗುಂಪಿಗೆ ಬರೆಯುವಾಗಲೇ ಗೊತ್ತಾಗುತ್ತದೆ, ಈ ಕವಿಗಳು ಎಷ್ಟು ಕಷ್ಟಪಟ್ಟಿದ್ದರು ಅಂತ.

ಅದಕ್ಕೆ ಅಂತಿಗೊನೆಯಲ್ಲಿ ಮನುಷ್ಯನ ಬಗ್ಗೆ ಇರುವ ದೊಡ್ಡ ಹಾಡು ತಗೊಳ್ಳಿ. ಅದರ ಮೊದಲ ಸಾಲಿನಲ್ಲಿ ದೈನೋಸ್ ಅನ್ನುವ ಪದ ಇದೆ. ಲೋಕದಲ್ಲಿ ದೈನೋಸ್ ಆದದ್ದು ಬಹಳ ಇದೆ, ಮನುಷ್ಯನಷ್ಟು ದೈನೋಸ್ ಯಾವುದೂ ಇಲ್ಲ ಅಂತ. ಇಂಗ್ಲಿಷಿನಲ್ಲಿ ಒಬ್ಬರು ಅದ್ಭುತ ಅನ್ನುತ್ತಾರೆ, ಇನ್ನೊಬ್ಬರು ಭಯಾನಕ ಅನ್ನುತ್ತಾರೆ, ಎರಡೂ ಒಟ್ಟಿಗೆ ಬರುವುದಿಲ್ಲ. ನಮ್ಮಲ್ಲಿ ಭಯಂಕರ ಬುದ್ಧಿವಂತ ಅನ್ನುತ್ತೇವಲ್ವಾ? ಆ ಭಯಂಕರ ಇದಕ್ಕೆ ಹತ್ತಿರದ ಪದ. ಕಡಲು ದಾಟುತ್ತಾನೆ, ನೆಲ ಉಳುತ್ತಾನೆ, ಹಕ್ಕಿ ಮೀನುಗಳಿಗೆ ಬಲೆ ಬೀಸುತ್ತಾನೆ, ಮಾತು ಕಲಿತ, ಊರು ಕಟ್ಟಿದ, ರೋಗಕ್ಕೆ ಮದ್ದು ಕಂಡುಹಿಡಿದ, ಸಾವಿಗೆ ಮಾತ್ರ ಮದ್ದಿಲ್ಲ. ಕೊನೆಯ ನುಡಿಯಲ್ಲಿ ಆ ಬುದ್ಧಿ ಒಳ್ಳೆಯದಕ್ಕೂ ಹೋಗುತ್ತದೆ, ಕೆಟ್ಟದ್ದಕ್ಕೂ ಹೋಗುತ್ತದೆ.

ಐದನೇ ಬ್ಲಾಕಿನ ಅಮ್ಮ

ನಾನು ಈ ಕಡೆಯವಳೇ. ನನ್ನ ಮಗಳದು ಬೇರೆ ಶಾಲೆ. ಹೋದ ವರ್ಷ ಅವಳ ಶಾಲೆಯ ನಾಟಕದಲ್ಲಿ ಅವಳಿಗೆ ಪಾತ್ರ ಸಿಗಲಿಲ್ಲ. ಕೋರಸ್ ಅಂದರು. ಹಿಂದೆ ನಿಂತು ಎರಡು ಹಾಡಿಗೆ ಕೈ ಆಡಿಸುವುದು. ಅಜ್ಜಿ ತಾತ ಬೆಂಗಳೂರಿನಿಂದ ಬಂದಿದ್ದರು, ಅವರಿಗೆ ಅವಳು ಎಲ್ಲಿದ್ದಾಳೆ ಅಂತ ಕೊನೆಯವರೆಗೂ ಕಾಣಲೇ ಇಲ್ಲ. ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲ. ಈಗ ಹಾಡುವುದನ್ನೇ ಬಿಟ್ಟಿದ್ದಾಳೆ. ನೀವೆಲ್ಲ ಮೇಳ ಮೇಳ ಅಂತ ಸಂತೋಷವಾಗಿ ಬರೆಯುತ್ತಿದ್ದೀರಿ. ಮಕ್ಕಳಿಗೆ ಮಾತ್ರ ಕೋರಸ್ ಅಂದರೆ ನೀನು ಬೇಡ ಅಂತಲೇ ಕೇಳಿಸುತ್ತದೆ. ಅದಕ್ಕೆ ಏನು ಮಾಡುತ್ತೀರಿ ಅಕ್ಕಾ?

ಆರನೇ ಕ್ಲಾಸ್ ಟೀಚರ್

ನಿಮ್ಮ ಪೋಸ್ಟ್ ಓದಿ ಎರಡು ದಿನ ಏನು ಬರೆಯಲಿ ಅಂತ ಗೊತ್ತಾಗಲಿಲ್ಲ. ಮಗುವಿಗೆ ಆದದ್ದು ತುಂಬಾ ನೋವಿನ ವಿಷಯ.

ನಾನು ಮಾಡಿದ್ದು ಹೇಳುತ್ತೇನೆ. ಅಥೆನ್ಸಿನಲ್ಲಿ ಎಲ್ಲ ಪಾತ್ರಗಳನ್ನೂ ಮೂವರೇ ನಟರು ಮುಖವಾಡ ಬದಲಿಸಿ ಆಡುತ್ತಿದ್ದರು. ನಾವೂ ಅದನ್ನೇ ಇಟ್ಟುಕೊಂಡೆವು. ಹದಿನೈದು ಜನರ ಎರಡು ಮೇಳ, ಅಲ್ಲಿಗೆ ಮೂವತ್ತು. ಮೂವರು ನಟರು, ಅದೂ ಸರದಿಯ ಮೇಲೆ. ಒಬ್ಬಳು ಡ್ರಮ್ಮಿಗೆ. ಒಟ್ಟು 34 ಸರಿಹೋಯಿತು. ಪ್ರತಿ ದೃಶ್ಯಕ್ಕೂ ಮೇಳದಿಂದ ಮೂವರು ಹೊರಗೆ ಬಂದು ಮುಖವಾಡ ಹಾಕಿಕೊಳ್ಳುತ್ತಾರೆ. ದೃಶ್ಯ ಮುಗಿದರೆ ಮುಖವಾಡ ಬಿಚ್ಚಿಟ್ಟು ಮತ್ತೆ ಮೇಳಕ್ಕೆ. ಒಬ್ಬರೇ ಅಂತಿಗೊನೆ ಅಂತ ಇಲ್ಲ. ಮುಖವಾಡ ಯಾರ ಕೈಯಲ್ಲಿದೆಯೋ ಅವರು ಅಂತಿಗೊನೆ. ಮೇಳ ಮಾತ್ರ ಶುರುವಿನಿಂದ ಕೊನೆಯವರೆಗೂ ಬಯಲು ಬಿಟ್ಟು ಹೋಗುವುದಿಲ್ಲ.

ಹುಡುಗಿಯರು ಒಂದು ಪ್ರಶ್ನೆ ಕೇಳಿದರು. ಆಗ ನಾವು ಇರುತ್ತಿದ್ದೆವಾ? ಇಲ್ಲ ಅಂದೆ. ಅಂತಿಗೊನೆಯನ್ನೂ ಗಂಡಸೇ ಆಡುತ್ತಿದ್ದ. ಅವರಿಗೆ ಸಿಟ್ಟು ಬಂತು. ಆ ಸಿಟ್ಟನ್ನು ಹಾಡಿಗೆ ಹಾಕಿ ಅಂದೆ, ಹಾಕಿದರು.

ಇನ್ನೊಂದು ಚಿತ್ರ ತೋರಿಸಿದೆ. ಅಥೆನ್ಸಿನ ಪ್ಲಾಕಾದಲ್ಲಿ ಇವತ್ತಿಗೂ ಒಂದು ಕಲ್ಲಿನ ಸ್ಮಾರಕ ನಿಂತಿದೆ. ದುಂಡಗೆ, ಕಂಬಗಳಿರುವ ಚಿಕ್ಕ ಗೋಪುರದ ಹಾಗೆ. ಕ್ರಿ.ಪೂ. 334ರ ಸುಮಾರಿನದು. ಗೆದ್ದವರಿಗೆ ಕೊಡುತ್ತಿದ್ದ ಕಂಚಿನ ಮುಕ್ಕಾಲಿ ಅದರ ಮೇಲೆ ಇತ್ತು. ಕಲ್ಲಿನ ಮೇಲೆ ಬರೆದಿರುವುದರಲ್ಲಿ ಮುಖ್ಯವಾದದ್ದು ಇಷ್ಟು. ಮೇಳದ ಖರ್ಚು ಹೊತ್ತವನು ಲೈಸಿಕ್ರಾಟಿಸ್. ಹುಡುಗರ ಮೇಳದಲ್ಲಿ ಗೆದ್ದದ್ದು ಅಕಮಾಂಟಿಸ್ ಪಂಗಡ. ಔಲೋಸ್ ಊದಿದವನು ಥಿಯೋನ್. ಕಲಿಸಿದವನು ಲೈಸಿಯಾಡಿಸ್. ಅಷ್ಟು ಚೆಂದದ ಸ್ಮಾರಕ ನಿಂತಿರುವುದು ಹುಡುಗರ ಮೇಳವೊಂದು ಗೆದ್ದದ್ದಕ್ಕೆ. ನಾಯಕ ನಟ ಅಂತ ಅಲ್ಲಿ ಯಾರೂ ಇಲ್ಲ. ಒಬ್ಬ ಹುಡುಗ ಕೇಳಿದ, ಆ 50 ಜನರ ಹೆಸರು ಎಲ್ಲಿ ಮಿಸ್? ಇಲ್ಲ ಅಂದೆ. ಅವನಿಗೆ ಅದು ಸರಿಕಾಣಲಿಲ್ಲ.

ನಿಮ್ಮ ಮಗಳು ಬರುವುದಾದರೆ ಶನಿವಾರ ಒಂದು ತಾಲೀಮು ಪಾರ್ಕಿನಲ್ಲಿ ಇದೆ, ಎಲ್ಲರೂ ಬರಬಹುದು. ಹಾಡಲೇಬೇಕು ಅಂತ ಏನಿಲ್ಲ. ಸುಮ್ನೆ ಕೂತು ನೋಡಲಿ.

ಐದನೇ ಬ್ಲಾಕಿನ ಅಮ್ಮ

ಕರೆದುಕೊಂಡು ಬರುತ್ತೇನೆ ಅಕ್ಕಾ.

ಆರನೇ ಕ್ಲಾಸ್ ಟೀಚರ್

ನಿನ್ನೆ ಸಂಜೆ ಆಟ ಆಯಿತು. ಶಾಲೆಯ ಹಿಂದಿನ ಹುಲ್ಲಿನ ಇಳಿಜಾರಿನಲ್ಲಿ ಜನ ಕೂತಿದ್ದರು. ಕೆಳಗೆ ಸೀಮೆಸುಣ್ಣದ ವೃತ್ತ. ಮೈಕ್ ಇರಲಿಲ್ಲ.

ಮೇಳ ಲಘು ಲಘು ಗುರು ಹೆಜ್ಜೆ ಹಾಕುತ್ತಾ ಬಂತು. ಮನುಷ್ಯನ ಹಾಡಿಗೆ ಮಕ್ಕಳು ತಮ್ಮ ಕಾಲದ್ದನ್ನು ಬರೆದಿದ್ದರು. ಮೊದಲ ನುಡಿಯಲ್ಲಿ ರಾಕೆಟ್, ಲಸಿಕೆ, ಸಮುದ್ರದ ಅಡಿಯ ಕೇಬಲ್. ಎದುರು ನುಡಿಯಲ್ಲಿ ಕಾಡಿನ ಬೆಂಕಿ, ಹೊಗೆಗೆ ಶಾಲೆ ಮುಚ್ಚಿದ ದಿನಗಳು. ಅಳತೆ ಎರಡು ಕಡೆ ತಪ್ಪಿತ್ತು, ಮಕ್ಕಳೇ ಕಂಡುಹಿಡಿದು ಸರಿಮಾಡಿಕೊಂಡಿದ್ದರು. ಡಯೊನೈಸಸ್ ಹಾಡಿಗೆ ಜನರೂ ಚಪ್ಪಾಳೆ ಹಿಡಿದರು. ಆ ಚಪ್ಪಾಳೆ ಇನ್ನೂ ನಡೆಯುತ್ತಿರುವಾಗ ದೂತ ವೃತ್ತದ ಅಂಚಿಗೆ ಬಂದು ನಿಂತ. ಚಪ್ಪಾಳೆ ಒಂದೊಂದಾಗಿ ನಿಂತಿತು. ಯಾರೂ ಹೇಳಿಕೊಟ್ಟದ್ದಲ್ಲ.

ಆಟ ಮುಗಿದ ಮೇಲೆ ಮಕ್ಕಳು ರಟ್ಟಿನಲ್ಲಿ ಮಾಡಿದ ಮುಕ್ಕಾಲಿಯನ್ನು ಲೈಬ್ರರಿಯ ಬಾಗಿಲಲ್ಲಿ ಇಟ್ಟರು. ಕೆಳಗೆ ಹಲಗೆ. ಖರ್ಚು ಹೊತ್ತವರು ಪೇರೆಂಟ್ಸ್ ಕಮಿಟಿ, ಡ್ರಮ್ ಬಾರಿಸಿದವಳ ಹೆಸರು, ಕಲಿಸಿದವರು ಅಂತ ನನ್ನ ಹೆಸರು. ಅದರ ಕೆಳಗೆ, ಲೈಸಿಕ್ರಾಟಿಸನ ಕಲ್ಲಿನಲ್ಲಿ ಇಲ್ಲದ್ದು, ಮೇಳದವರ ಹೆಸರು ಎಲ್ಲವೂ. ಕೊನೆಗೆ ಬೇರೆ ಬಣ್ಣದ ಪೆನ್ನಿನಲ್ಲಿ 35ನೆಯ ಹೆಸರು ಒಂದಿದೆ. ಅವಳು ಬೇರೆ ಶಾಲೆಯವಳು.

ಮೈಸೂರಿನ ಸಂಗೀತ ಟೀಚರ್

ಓದಿ ಕಣ್ಣು ತುಂಬಿತು. ಎದುರು ನುಡಿಯ ಟ್ಯೂನ್ ಕಳಿಸುತ್ತೀರಾ? ನಮ್ಮ ಮಕ್ಕಳು ಅದೇ ಅಳತೆಗೆ ಕನ್ನಡದಲ್ಲಿ ಬರೆದು ನೋಡಬೇಕು ಅಂತಿದ್ದೇನೆ.

ಆರನೇ ಕ್ಲಾಸ್ ಟೀಚರ್

ಖಂಡಿತ ಮೇಡಂ. ಇಬ್ಬರು ಮಕ್ಕಳ ಮನೆಯಿಂದ ಒಪ್ಪಿಗೆ ಪತ್ರ ಬರಬೇಕು, ಬಂದ ಮೇಲೆ ರೆಕಾರ್ಡಿಂಗ್ ಹಾಕುತ್ತೇನೆ. ಅಲ್ಲಿಯವರೆಗೆ ಅಳತೆ ಇಲ್ಲೇ ಬರೆಯುತ್ತೇನೆ. ಮೊದಲ ಎರಡು ಸಾಲು ಐದು ಮಾತ್ರೆಯ ಗಣದ್ದು, ಸಾಲಿಗೆ ನಾಲ್ಕು ಗಣ. ಮೂರನೇ ಸಾಲಿನಲ್ಲಿ ಒಂದು ಗಣ ಕಡಿಮೆ, ಅಲ್ಲಿ ಉಸಿರು ತಗೊಳ್ಳಬೇಕು.